ಪ್ರಿಯವಾದ ವಾಹನವೂ ಪ್ರಸಾದಬುದ್ಧಿಯೂ

ಶರಣಧರ್ಮದ ಪರಿಭಾಷೆಯಲ್ಲಿ ‘ಪದಾರ್ಥ’ ಮತ್ತು ‘ಪ್ರಸಾದ’ ಎಂಬ ಮಾತುಗಳು ಒಂದೇ ವಸ್ತುವಿನ ಎರಡು ಅವಸ್ಥೆಗಳನ್ನು ಸೂಚಿಸುತ್ತವೆ. ಮರದಿಂದ ಕೊಯ್ದ ಹಣ್ಣು ಪದಾರ್ಥ; ಅದನ್ನೇ ಲಿಂಗಕ್ಕೆ ಅರ್ಪಿಸಿ, ತನ್ನದಲ್ಲವೆಂಬ ಅರಿವಿನಿಂದ ಮರಳಿ ಪಡೆದಾಗ ಅದು ಪ್ರಸಾದ. ಹಣ್ಣಿನ ರುಚಿಯಾಗಲಿ ಬಣ್ಣವಾಗಲಿ ತೂಕವಾಗಲಿ ಬದಲಾಗಿಲ್ಲ. ಬದಲಾದದ್ದು ಕೈಯೊಡ್ಡಿದವನ ಬುದ್ಧಿ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದ ವಿವೇಚನೆಯೆಲ್ಲ ಬಹುಮಟ್ಟಿಗೆ ಈ ಬದಲಾವಣೆಯನ್ನು ಕುರಿತದ್ದೇ ಆಗಿದೆ. ಅನ್ನೋದಕಗಳ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭ. ಅನ್ನವು ಉಂಡೊಡನೆ ಮುಗಿದುಹೋಗುತ್ತದೆಯಾಗಿ, ಅದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷ ಮನೆಯ ಮುಂದೆ ನಿಂತು, ಪ್ರತಿದಿನ ಕಣ್ಣಿಗೆ ಬಿದ್ದು, ಒಡೆಯನ ಹೆಸರನ್ನು ಸರ್ಕಾರದ ಪತ್ರದಲ್ಲಿ ಹೊತ್ತಿರುವ ವಸ್ತುವಿನ ವಿಷಯದಲ್ಲಾದರೋ ಭಕ್ತನ ಪರೀಕ್ಷೆ ದೀರ್ಘವಾಗುತ್ತದೆ.

ಬೆಂಗಳೂರಿನ ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಗೃಹಸ್ಥರಿಗೆ ಇಂಥ ಪರೀಕ್ಷೆಯನ್ನು ಒಡ್ಡುವ ವಸ್ತು ಅನೇಕ ವೇಳೆ ಮೋಟಾರು ಕಾರು. ಕಚೇರಿಗೆ ಹೋಗುವ ಕಾರಿನ ಮಾತು ಇಲ್ಲಿ ಪ್ರಸ್ತುತವಲ್ಲ. ಅದು ಕಾಯಕದ ಉಪಕರಣ. ನೇಕಾರನ ಮಗ್ಗದಂತೆ ಕೆಲಸಕ್ಕೆ ಬರುವವರೆಗೆ ಇದ್ದು, ಬಾರದಿದ್ದಾಗ ಹೋಗುತ್ತದೆ. ಅದನ್ನು ಕಳುಹಿಸುವಾಗ ಯಾರೂ ಕಣ್ಣೀರಿಡುವುದಿಲ್ಲ. ತೊಡಕು ಹುಟ್ಟುವುದು ಸಂತೋಷಕ್ಕಾಗಿಯೇ ಕೊಂಡ ಕಾರಿನಲ್ಲಿ, ಎಂದರೆ ಸ್ಪೋರ್ಟ್ಸ್ ಕಾರಿನಲ್ಲಿ.

ಸ್ಪೋರ್ಟ್ಸ್ ಕಾರು ಎಂದೊಡನೆ ಪರದೇಶದ ಕೋಟ್ಯಧೀಶರ ವಾಹನವೇ ನೆನಪಿಗೆ ಬರುವುದು ಸಹಜ. ಆದರೆ ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡಿದ್ದ ಸ್ಯಾನ್ ಮೋಟಾರ್ಸ್ ಎಂಬ ಸಂಸ್ಥೆಯೇ 1990ರ ದಶಕದ ಕೊನೆಯ ಹೊತ್ತಿಗೆ ‘ಸ್ಯಾನ್ ಸ್ಟಾರ್ಮ್’ ಎಂಬ ಪುಟ್ಟ ಕಾರನ್ನು ಹೊರತಂದಿತ್ತು. ಅದರ ಕಾರ್ಖಾನೆ ಗೋವಾದಲ್ಲಿತ್ತು. ಎರಡೇ ಆಸನಗಳು, ಮೇಲೆ ಮಡಚಿಡಬಹುದಾದ ಮಾಡು, ಮೈಯೆಲ್ಲ ಫೈಬರ್ ಗ್ಲಾಸ್, ಒಳಗೆ ಫ್ರಾನ್ಸಿನ ರೆನೊ ಸಂಸ್ಥೆಯ 1149 ಘನ ಸೆಂಟಿಮೀಟರಿನ ಎಂಜಿನ್. ಅದರ ಶಕ್ತಿ ಸುಮಾರು 60 ಅಶ್ವಶಕ್ತಿ, ಎಂದರೆ ಇಂದು ಸಂಸಾರವಂದಿಗರು ಕೊಳ್ಳುವ ಸಾಧಾರಣ ಕಾರಿಗಿಂತಲೂ ಕಡಿಮೆ. ಆದರೂ ನೆಲಕ್ಕೆ ಒತ್ತಿದಂತಿರುವ ಹಗುರವಾದ ಗಾಡಿಯಲ್ಲಿ ತಲೆಯ ಮೇಲೆ ಆಕಾಶವನ್ನೇ ಹೊದ್ದು ಹೋಗುವವನಿಗೆ ಅಶ್ವಶಕ್ತಿಯ ಲೆಕ್ಕ ನೆನಪಿಗೆ ಬಾರದು. ಇಂಥ ಕಾರುಗಳು ಸಿದ್ಧವಾದದ್ದೇ ಕೆಲವು. ತಯಾರಿಕೆ ನಿಂತುಹೋದ ಮೇಲೆ ಒಡೆಯರಿಗೆ ಉಳಿದದ್ದು ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಅಲೆದಾಟ, ಮತ್ತು ಇದ್ದುದನ್ನು ತಿದ್ದಿ ಹೊಂದಿಸಬಲ್ಲ ಮೆಕ್ಯಾನಿಕ್ಕಿನ ಸ್ನೇಹ.

ಇಲ್ಲಿ ಒಂದು ಶಂಕೆ ಏಳಬಹುದು. ಕಾಯಕ-ದಾಸೋಹಗಳನ್ನು ಉಪದೇಶಿಸಿದ ಧರ್ಮದಲ್ಲಿ ವಿಲಾಸದ ವಾಹನಕ್ಕೆ ಎಡೆಯೆಲ್ಲಿ? ಅದನ್ನು ಎಷ್ಟು ಕಾಲ ಇಡಬೇಕೆಂಬ ಜಿಜ್ಞಾಸೆಗೆ ಬದಲಾಗಿ, ಕೊಂಡದ್ದೇ ತಪ್ಪೆಂದು ಹೇಳಿಬಿಡಬಾರದೇಕೆ?

ಹಾಗೆ ಹೇಳುವವರು ಶರಣರ ಮಾರ್ಗವನ್ನು ವಿರಕ್ತಿಯೊಂದಕ್ಕೇ ಕುಗ್ಗಿಸಿದಂತಾಗುತ್ತದೆ. ಅಕ್ಕಮಹಾದೇವಿಯವರು ಸರ್ವವನ್ನೂ ತೊರೆದು ನಡೆದರು, ನಿಜ. ಆದರೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತು, ಸಂಸಾರದಲ್ಲಿದ್ದು, ಮಹಾಮನೆಯನ್ನು ನಡೆಸಿದರು. ಮಾಯೆಯು ಹೊರಗಿನ ಹೊನ್ನು ಮಣ್ಣುಗಳಲ್ಲಿಲ್ಲ, ಅವನ್ನು ಹಂಬಲಿಸುವ ಚಿತ್ತದಲ್ಲಿದೆ ಎಂಬುದು ಅಲ್ಲಮಪ್ರಭುದೇವರ ನಿಲುವು. ಈ ನಿಲುವು ಎರಡು ಅಲಗಿನ ಕತ್ತಿ. ಕಾರನ್ನು ಮಾರಿದ ಮಾತ್ರಕ್ಕೆ ಯಾರೂ ನಿರ್ಮೋಹಿಯಾಗುವುದಿಲ್ಲ; ಇಟ್ಟುಕೊಂಡ ಮಾತ್ರಕ್ಕೆ ಮೋಹಿಯೂ ಆಗುವುದಿಲ್ಲ. ಮಾರಿ ಹತ್ತು ವರ್ಷವಾದರೂ ದಾರಿಯಲ್ಲಿ ಆ ಬಣ್ಣದ ಗಾಡಿಯನ್ನು ಕಂಡೊಡನೆ ನಿಟ್ಟುಸಿರಿಡುವವನಲ್ಲಿ ಕಾರು ಇನ್ನೂ ನಿಂತೇ ಇದೆ. ಆದಕಾರಣ ಪ್ರಶ್ನೆಯನ್ನು ಕೊಂಡ ದಿನಕ್ಕೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಶುದ್ಧವಾದ ದುಡಿಮೆಯಿಂದ, ಸಾಲದ ಹೊರೆಯಿಲ್ಲದೆ, ದಾಸೋಹದ ಪಾಲನ್ನು ಕತ್ತರಿಸದೆ ಕೊಂಡದ್ದಾದರೆ ಅದು ದೊರೆತ ಪ್ರಸಾದವೆಂದೇ ತಿಳಿಯಬಹುದು. (ಆಯುಧಪೂಜೆಯ ದಿನ ಕಾರನ್ನು ತೊಳೆದು ಹೂವಿಡುವುದು ಬೇರೆ, ಅದಕ್ಕೆ ಭಸ್ಮವನ್ನು ಬಳಿದು ಕೈಮುಗಿದು ನಿಲ್ಲುವುದು ಬೇರೆ. ಅಂಗೈಯಲ್ಲಿ ಇಷ್ಟಲಿಂಗವಿರುವವನು ಬಾನೆಟ್ಟಿಗೆ ನಮಸ್ಕರಿಸುವ ದೃಶ್ಯ ಬಡಾವಣೆಗಳಲ್ಲಿ ಅಪರೂಪವೇನೂ ಅಲ್ಲ.)

ಹಾಗಾದರೆ ಎಷ್ಟು ಕಾಲ? ಈ ಪ್ರಶ್ನೆಗೆ ಕಾಯಿದೆ ಉತ್ತರ ಕೊಡುತ್ತದೆಂದು ಕೆಲವರು ನಂಬಿರುತ್ತಾರೆ. ದೆಹಲಿಯಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂದು ನ್ಯಾಯಾಲಯಗಳ ಆದೇಶಗಳಿಂದ ಬಂದ ಮಿತಿಯನ್ನು ಕೇಳಿ, ಬೆಂಗಳೂರಿಗೂ ಅದೇ ಅನ್ವಯವೆಂದು ಭಾವಿಸುವುದುಂಟು. ಹಾಗಿಲ್ಲ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿಗೆ ಮೊದಲು 15 ವರ್ಷಗಳ ಆಯುಷ್ಯ. ಆಮೇಲೆ ಗಾಡಿ ಯೋಗ್ಯವೆಂದು ಪರೀಕ್ಷೆಯಲ್ಲಿ ಕಂಡುಬಂದರೆ ಐದೈದು ವರ್ಷಕ್ಕೆ ನವೀಕರಣ. 2001ರಲ್ಲಿ ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ‘ಕೆಎ 05’ ಎಂದು ಮೊದಲಾಗುವ ಸಂಖ್ಯೆಯನ್ನು ಪಡೆದ ಕಾರು 2016ರಲ್ಲಿಯೂ 2021ರಲ್ಲಿಯೂ ನವೀಕರಣವನ್ನು ಕಂಡು, 2026ರಲ್ಲಿ ಮೂರನೆಯ ಬಾರಿ ಅದೇ ಬಾಗಿಲಿಗೆ ಬರುತ್ತದೆ. 15 ವರ್ಷ ದಾಟಿದ ಕಾರಿನ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯಿಂದ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಆಯಿತು. ಸರ್ಕಾರವು ಹೀಗೆ ಬೆಲೆಯನ್ನು ಏರಿಸುತ್ತದೆಯೇ ಹೊರತು ‘ಬಿಡು’ ಎಂದು ಹೇಳುವುದಿಲ್ಲ. ನಿರ್ಣಯವು ಒಡೆಯನದೇ.

ಇನ್ನು ಕೆಲವರು ಗಾಡಿ ಪುರಾತನವಾಗಲೆಂದು ಕಾಯುತ್ತಾರೆ. 2021ರ ಜುಲೈ ತಿಂಗಳಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದ ಮೇಲೆಯೇ ವಿಂಟೇಜ್ ವಾಹನವೆಂಬ ಮನ್ನಣೆ. ಆ ಮನ್ನಣೆ ದೊರೆತ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸಲಾಗದು. ಪ್ರದರ್ಶನ, ರ‍್ಯಾಲಿ ಮೊದಲಾದ ಸಂದರ್ಭಗಳಿಗೆ ಮಾತ್ರ. 2001ರ ಕಾರಿಗೆ ಆ ಯೋಗ ಬರುವುದು 2051ರಲ್ಲಿ. ನಾಲ್ವತ್ತರ ವಯಸ್ಸಿನಲ್ಲಿ ಕೊಂಡವನು ಆಗ ತೊಂಬತ್ತರ ಮುದುಕ. ಮೊಣಕಾಲು ಮಡಚಿ ಆ ಗಾಡಿಯೊಳಗೆ ಇಳಿಯುವುದು ಹೇಗೆಂಬುದನ್ನು ನಿಯಮವು ತಿಳಿಸಿಲ್ಲ.

ಕಾಯಿದೆಯನ್ನು ಬಿಟ್ಟು ವಚನಕಾರರ ಬಳಿಗೆ ಬಂದರೆ, ಈ ಪ್ರಶ್ನೆಗೆ ಹತ್ತಿರವಾದ ಪ್ರಸಂಗವೆಂದರೆ ಆಯ್ದಕ್ಕಿ ದಂಪತಿಗಳದು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಹಿಡಿದರು. ಆ ಅಕ್ಕಿಯಿಂದ ಲಕ್ಕಮ್ಮನವರು ಅಡಿಗೆ ಮಾಡಿ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ನಿತ್ಯದ ಪ್ರಮಾಣವನ್ನು ಮೀರಿ ಬಂದುದು ತಮ್ಮದಲ್ಲವೆಂದೂ, ಆಯ್ದ ಕಡೆಯಲ್ಲಿಯೇ ಸುರಿದು ಬರಬೇಕೆಂದೂ ಪತಿಗೆ ತಿಳಿಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಕಥೆಯನ್ನು ‘ಆಸೆ ಪಡಬಾರದು’ ಎಂಬ ಒಂದೇ ಮಾತಿಗೆ ಇಳಿಸಿಬಿಡುವ ರೂಢಿಯಿದೆ. ಗಮನಿಸಬೇಕಾದುದು ಬೇರೊಂದಿದೆ. ಲಕ್ಕಮ್ಮನವರು ಅಕ್ಕಿಯನ್ನು ನಿಂದಿಸಲಿಲ್ಲ. ನಿನ್ನೆ ತಂದ ಅಕ್ಕಿಯೂ ಇದೇ ಅಂಗಳದ್ದೇ. ಅವರು ಅಳೆದದ್ದು ಅಂದಿನ ಬಳಕೆಯನ್ನು. ಬಳಕೆಯಾಗುವಷ್ಟು ಪ್ರಸಾದ, ಬಳಕೆಯನ್ನು ಮೀರಿ ಮಡಕೆಯಲ್ಲಿ ಉಳಿಯುವುದು ಸಂಗ್ರಹ. ಎರಡನೆಯದು, ಮಾರಯ್ಯನವರಿಗೆ ಇದು ತಾನಾಗಿ ಹೊಳೆಯಲಿಲ್ಲ. ಅಕ್ಕಿಯನ್ನು ಆಯ್ದು ಹೊತ್ತು ತಂದವನ ಕಣ್ಣಿಗೆ ಅದರ ಅಳತೆ ಕಾಣದು. ಒಲೆಯ ಮುಂದೆ ಕುಳಿತವರಿಗೆ ಕಾಣುತ್ತದೆ. ಪ್ರಿಯವಾದ ವಸ್ತುವಿನ ವಿಷಯದಲ್ಲಿ ಮನೆಯವರ ಮಾತನ್ನು ಕೇಳಬೇಕಾದದ್ದು ಇದಕ್ಕಾಗಿಯೇ.

ಈ ಅಳತೆಯನ್ನು ಕಾರಿಗೆ ಹಿಡಿದರೆ ಒಂದು ವಿಚಿತ್ರ ಸತ್ಯ ಹೊರಬೀಳುತ್ತದೆ. ಅಕ್ಕಿ ಮಡಕೆಯಲ್ಲಿ ಕೆಲವು ತಿಂಗಳು ಕೆಡದೆ ಉಳಿದೀತು. ಓಡಿಸದ ಕಾರು ಉಳಿಯುವುದಿಲ್ಲ. ಓಡುವ ಗಾಡಿ ಸವೆಯುತ್ತದೆಂದು ಹೆದರಿ ಹೊದಿಕೆಯ ಕೆಳಗೆ ನಿಲ್ಲಿಸಿದವನು ಅದನ್ನು ಬೇರೊಂದು ಬಗೆಯಲ್ಲಿ ಕೊಲ್ಲುತ್ತಿರುತ್ತಾನೆ. ಕೆಲವೇ ವಾರಗಳಲ್ಲಿ ಬ್ಯಾಟರಿ ಇಳಿಯುತ್ತದೆ. ಒಂದೇ ಕಡೆ ಭಾರ ಬಿದ್ದ ಟೈರುಗಳು ಅಲ್ಲಿ ಚಪ್ಪಟೆಯಾಗುತ್ತವೆ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2315 ಎಂದಿದ್ದರೆ 2015ರ 23ನೆಯ ವಾರ. ಅಂಥ ಟೈರಿನ ಮೇಲ್ಮೈ ಎಷ್ಟೇ ಹೊಸದಾಗಿ ಕಂಡರೂ ರಬ್ಬರು ಗಡುಸಾಗಿ ಹಿಡಿತವನ್ನು ಕಳೆದುಕೊಂಡಿರುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಓಡಿದ ದೂರ ನೋಡಿ ಬದಲಾಯಿಸುವಂತೆಯೇ ಕಳೆದ ವರ್ಷಗಳನ್ನು ನೋಡಿಯೂ ಬದಲಾಯಿಸಬೇಕು. ಬೆಂಗಳೂರಿನ ಇಲಿಗಳಿಗಂತೂ ನಿಂತ ಕಾರಿನ ವಯರು ಅಕ್ಕರೆಯ ಆಹಾರ. ಇದಲ್ಲದೆ 2025ರ ವೇಳೆಗೆ ಪೆಟ್ರೋಲ್ ಬಂಕುಗಳಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಎಥನಾಲ್ ನೀರನ್ನು ಸೆಳೆಯುವ ಗುಣವುಳ್ಳದ್ದು. ಅದಕ್ಕೆಂದು ರೂಪಿಸದ ಹಳೆಯ ರಬ್ಬರು ಕೊಳವೆಗಳು ಅದರಿಂದ ಕೆಡುವ ಸಂಭವವಿದೆ. ಅಂಥ ಪೆಟ್ರೋಲನ್ನು ಟ್ಯಾಂಕಿನಲ್ಲಿ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದ ಹಳೆಯ ಕಾರು ಮೌನವಾಗಿ ರೋಗವನ್ನು ಬೆಳೆಸಿಕೊಳ್ಳುತ್ತದೆ. ಇಪ್ಪತ್ತು ದಾಟಿದ ಕಾರನ್ನು ಇಟ್ಟುಕೊಳ್ಳುವೆನೆನ್ನುವವನು ಅದನ್ನು ವಾರಕ್ಕೊಮ್ಮೆಯಾದರೂ ಓಡಿಸಲೇಬೇಕು, ಟೈರು-ಬ್ರೇಕುಗಳಿಗೆ ಹಣವನ್ನು ತೆಗೆದಿಡಲೇಬೇಕು. ಬ್ರೇಕು ಸರಿಯಿಲ್ಲದ ಕಾರನ್ನು ‘ನನ್ನ ಪ್ರೀತಿಯದು’ ಎಂದು ಹೇಳಿಕೊಂಡು ಸೌತ್ ಎಂಡ್ ವೃತ್ತದ ಜನಸಂದಣಿಗೆ ಇಳಿಸುವವನ ಪ್ರೀತಿಯಲ್ಲಿ ದಯೆಯ ಅಂಶವಿಲ್ಲ. ದಯೆಯಿಲ್ಲದ ಕಡೆ ಶರಣರ ಧರ್ಮಕ್ಕೂ ಎಡೆಯಿಲ್ಲ.

ದೃಷ್ಟಾಂತಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಜೆ. ಪಿ. ನಗರದಲ್ಲಿ ನಿವೃತ್ತ ಎಂಜಿನಿಯರೊಬ್ಬನಿದ್ದಾನೆ. 2001ರಲ್ಲಿ, ತನ್ನ ನಾಲ್ವತ್ತನೆಯ ವಯಸ್ಸಿನಲ್ಲಿ, ಮೇಲೆ ಹೇಳಿದ ಬಗೆಯ ಎರಡಾಸನದ ಕಾರನ್ನು ಕೊಂಡನು. ಭಾನುವಾರದ ಬೆಳಗ್ಗೆ ಲಿಂಗಪೂಜೆಯನ್ನು ಮುಗಿಸಿ, ಸೂರ್ಯೋದಯಕ್ಕೆ ಮುಂಚೆ ಹೆಂಡತಿಯೊಡನೆ ಹೊರಟು 60 ಕಿಲೋಮೀಟರಿಗೂ ದೂರದ ನಂದಿಬೆಟ್ಟಕ್ಕೆ ಹೋಗಿಬರುವುದು ಅವರಿಬ್ಬರಿಗೂ ಪ್ರಿಯವಾದ ವಾಡಿಕೆಯಾಗಿತ್ತು. ಹಲವು ವರ್ಷ ಇದು ನಡೆಯಿತು. ಆ ಕಾಲದಲ್ಲಿ ‘ಎಷ್ಟು ದಿನ ಇಡಬೇಕು’ ಎಂದು ಯಾರಾದರೂ ಕೇಳಿದ್ದರೆ ಪ್ರಶ್ನೆಯೇ ಅಸಂಗತವಾಗುತ್ತಿತ್ತು. ಬಂದ ಸಂತೋಷ ಆಗಿಂದಾಗ ಸಂದುಹೋಗುತ್ತಿತ್ತು. ಮಡಕೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಈಗ ಹೆಂಡತಿಗೆ ಮೊಣಕಾಲು ನೋವು. ಅಷ್ಟು ತಗ್ಗಿನ ಆಸನಕ್ಕೆ ಇಳಿಯುವುದೂ ಅಲ್ಲಿಂದ ಏಳುವುದೂ ಕಷ್ಟ. ಬಡಾವಣೆಯ ರಸ್ತೆಯ ಪ್ರತಿಯೊಂದು ಉಬ್ಬು ಕಾರಿನ ಹೊಟ್ಟೆಯನ್ನು ಸವರುತ್ತದೆ. ಮಡಚುವ ಮಾಡು ಮಳೆಗಾಲದಲ್ಲಿ ಸೋರುತ್ತದೆ. ಎರಡು ವರ್ಷಗಳಿಂದ ಕಾರು ಹೊದಿಕೆಯಲ್ಲಿದೆ. ಅಮೆರಿಕದಲ್ಲಿರುವ ಮಗ ‘ಅಪ್ಪಾ, ಮಾರಬೇಡಿ, ನಾನು ಬಂದಾಗ ಬೇಕು’ ಎನ್ನುತ್ತಾನೆ. ಬಂದಾಗ ಟ್ಯಾಕ್ಸಿಯಲ್ಲಿ ಓಡಾಡುತ್ತಾನೆ. ನವೀಕರಣದ ವರ್ಷ ಬಂದಿದೆ. ಸಂಗ್ರಹಕಾರನೊಬ್ಬನು ಒಳ್ಳೆಯ ಬೆಲೆಗೆ ಕೇಳಿದ್ದಾನೆ. ಅವನ ಶೆಡ್ಡಿನಲ್ಲಿ ಆಗಲೇ ಹನ್ನೆರಡು ಗಾಡಿಗಳು ನಿಂತಿವೆ. ಬಿ. ಟಿ. ಎಂ. ಬಡಾವಣೆಯ ಯುವಕನೊಬ್ಬನು ಅದಕ್ಕಿಂತ ಕಡಿಮೆ ಬೆಲೆಗೆ ಕೇಳಿದ್ದಾನೆ. ಅವನು ಗ್ಯಾರೇಜಿನಲ್ಲಿ ಕೆಲಸಮಾಡುವವನು, ಎಂಜಿನ್ನನ್ನು ತಾನೇ ಬಿಚ್ಚಿ ಜೋಡಿಸಬಲ್ಲವನು.

ಗೃಹಸ್ಥನ ಮನಸ್ಸಿನಲ್ಲಿ ನಡೆಯುವ ಹೋರಾಟವನ್ನು ಲಘುವಾಗಿ ಕಾಣಬಾರದು. ಅವನು ಬಿಡಲಾರದೆ ಹಿಡಿದಿರುವುದು ಲೋಹವನ್ನಲ್ಲ. ಹೊದಿಕೆಯನ್ನು ಎತ್ತಿದಾಗ ನಂದಿಬೆಟ್ಟದ ತಿರುವು, ಹೆಂಡತಿಯ ಹಾರುವ ಸೆರಗು, ತನ್ನ ನಾಲ್ವತ್ತರ ವಯಸ್ಸು ಒಟ್ಟಿಗೆ ಎದ್ದುಬರುತ್ತವೆ. ಕಾರು ಹೋದರೆ ಆ ಬೆಳಗುಗಳೂ ಹೋದಾವೆಂದು ಅವನ ಭಯ. ಆದರೆ ಆ ಬೆಳಗುಗಳು ಅಂದೇ ಅರ್ಪಿತವಾದುವು. ಉಂಡ ಪ್ರಸಾದವನ್ನು ಎಲೆಯಲ್ಲಿ ಹುಡುಕುವುದುಂಟೆ? ಹೊದಿಕೆಯ ಕೆಳಗೆ ಉಳಿದಿರುವುದು ಎಲೆ. ಈ ಎಲೆಗೆ ವರ್ಷವರ್ಷವೂ ವಿಮೆಯನ್ನು ಕಟ್ಟುವುದು, ಮಳೆಯಿಂದ ಕಾಯುವುದು, ರಾತ್ರಿ ನಾಯಿ ಬೊಗಳಿದರೆ ಎದ್ದು ಕಿಟಕಿಯಿಂದ ನೋಡುವುದು ಎಂದು ಒಡೆಯನು ಒಡವೆಯ ಊಳಿಗಕ್ಕೆ ಇಳಿದಿದ್ದಾನೆ. ಭಕ್ತನಿಗೆ ಒಡೆಯನೊಬ್ಬನೇ ಎಂದು ಶರಣರು ಸಾರಿದ್ದು ಅರಸರನ್ನು ಕುರಿತು ಮಾತ್ರವಲ್ಲ.

ಅವನು ಇನ್ನೂ ಓಡಿಸುತ್ತಿದ್ದರೆ, ವಾರಕ್ಕೊಮ್ಮೆಯಾದರೂ ಒಬ್ಬನೇ ಕನಕಪುರದ ದಾರಿ ಹಿಡಿದು ಸಂತೋಷದಿಂದ ಮರಳುತ್ತಿದ್ದರೆ, ಅದರ ಖರ್ಚು ಮನೆಯ ಔಷಧಕ್ಕೂ ದಾಸೋಹಕ್ಕೂ ಅಡ್ಡಬಾರದಿದ್ದರೆ, ಎಪ್ಪತ್ತರವರೆಗೂ ಇಟ್ಟುಕೊಳ್ಳಲು ಯಾವ ವಚನಕಾರರ ಅಡ್ಡಿಯೂ ಇಲ್ಲ. ಇಪ್ಪತ್ತೈದು ವರ್ಷದ ಗಾಡಿಯನ್ನು ಸುಸ್ಥಿತಿಯಲ್ಲಿಟ್ಟು ಓಡಿಸುವವನು, ಮೂರು ವರ್ಷಕ್ಕೊಮ್ಮೆ ಹೊಸ ಕಾರಿಗೆ ಆಸೆಪಡುವವನಿಗಿಂತ ಸಂತೃಪ್ತನೆಂದೇ ಹೇಳಬೇಕು. ಈ ಗೃಹಸ್ಥನಲ್ಲಾದರೋ ಬಳಕೆ ಮುಗಿದಿದೆ, ಕಾವಲು ಮಾತ್ರ ಉಳಿದಿದೆ.

ಮಗನ ಮಾತಿಗೆ ಬೆಲೆಯಿಲ್ಲವೆ ಎಂದರೆ, ಉಂಟು. ಆದರೆ ಮಗನಿಗೆ ಬೇಕಾದುದು ಕಾರೋ, ಅಥವಾ ತಾನು ಬಿಟ್ಟುಹೋದ ಮನೆ ಬಿಟ್ಟಂತೆಯೇ ಇರಬೇಕೆಂಬ ಆಸೆಯೋ ಎಂಬುದನ್ನು ತಂದೆ ನೇರವಾಗಿ ಕೇಳಬೇಕು. ಬೇಕಾದರೆ ಅವನು ತನ್ನ ಹೆಸರಿಗೆ ಮಾಡಿಸಿಕೊಂಡು, ಓಡಿಸುವ ಏರ್ಪಾಡನ್ನೂ ಹೊಣೆಯನ್ನೂ ಹೊರಲಿ. ಈ ಮಾತನ್ನು ಕೇಳಿದ ಮೇಲೆ ಮಗನು ‘ನಿಮ್ಮಿಷ್ಟ ಅಪ್ಪಾ’ ಎಂದರೆ ಉತ್ತರ ಸಿಕ್ಕಂತೆಯೇ.

ಇಬ್ಬರು ಕೇಳುಗರಲ್ಲಿ ಯಾರಿಗೆ ಕೊಡಬೇಕೆಂಬುದು ಇನ್ನೂ ಸೂಕ್ಷ್ಮವಾದದ್ದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂತೆ ಹಳೆಯ ವಾಹನಗಳನ್ನು ಸಾವಿರಾರು ಜನ ನೋಡುವಂತೆ ಕಾಪಾಡಿರುವ ತಾಣಗಳು ನಾಡಿನಲ್ಲಿವೆ. ಅಲ್ಲಿ ನಿಂತ ಗಾಡಿಗೆ ನೋಡುವವರ ತಿಳಿವಿಗೆ ಒದಗುವುದೇ ಕಾಯಕ. ಬೀಗ ಹಾಕಿದ ಶೆಡ್ಡಿನಲ್ಲಿ ಹದಿಮೂರನೆಯದಾಗಿ ನಿಲ್ಲುವುದಾದರೆ ಒಂದು ಮಡಕೆಯಿಂದ ಇನ್ನೊಂದು ಮಡಕೆಗೆ ಸುರಿದಂತಾಯಿತು. ಯುವಕನು ಓಡಿಸುತ್ತಾನೆ, ದುರಸ್ತಿ ಮಾಡುತ್ತಾನೆ. ಬೆಲೆಯಲ್ಲಿನ ವ್ಯತ್ಯಾಸ ಸಣ್ಣದಲ್ಲ; ನಿವೃತ್ತನಾದವನಿಗೆ ಅದು ಹೊರೆಯಾಗುವಂತಿದ್ದರೆ ಸಂಗ್ರಹಕಾರನಿಗೆ ಮಾರುವುದರಲ್ಲಿ ಪಾಪವೇನೂ ಇಲ್ಲ. ಹೊರೆಯಾಗದಿದ್ದರೆ ಆ ವ್ಯತ್ಯಾಸವನ್ನು ದಾಸೋಹದ ಲೆಕ್ಕಕ್ಕೆ ಹಿಡಿಯಬಹುದು. ಹಾಗೆಂದು ಅದನ್ನು ಹತ್ತು ಜನರಿಗೆ ಹೇಳಿಕೊಂಡು ತಿರುಗಿದರೆ ಆ ಲೆಕ್ಕ ಅಲ್ಲಿಗೇ ಅಳಿಸಿಹೋಗುತ್ತದೆ.

ಕೊನೆಗೆ ಈ ಮನೆಯಲ್ಲಿ ಮಾತನ್ನು ಎತ್ತಿದವಳು ಹೆಂಡತಿಯೇ ಎಂದಿಟ್ಟುಕೊಳ್ಳಬಹುದು. ‘ನೀವು ಅದನ್ನು ಓಡಿಸುವಾಗ ನೋಡಲು ಚೆನ್ನಾಗಿತ್ತು, ನೀವು ಅದನ್ನು ಕಾಯುವುದನ್ನು ನೋಡಲಾರೆ’ ಎಂದು ಆಕೆ ಅನ್ನುತ್ತಾಳೆ. ಹೊಸ ಬ್ಯಾಟರಿ, ಹೊಸ ಟೈರು, ಬ್ರೇಕಿನ ಹೊಸ ದ್ರವ ಎಲ್ಲವನ್ನೂ ಅವನು ತನ್ನ ಖರ್ಚಿನಲ್ಲಿಯೇ ಹಾಕಿಸುತ್ತಾನೆ. ಕೆಟ್ಟ ವಸ್ತುವನ್ನು ಕೊಡುವುದು ಕೊಡುಗೆಯಲ್ಲ. ಒಂದು ಭಾನುವಾರ ರಸ್ತೆಯಲ್ಲಿ ಜನ ಓಡಾಡುವುದಕ್ಕೆ ಮುಂಚೆ, ಬಾಗಿಲ ಪಕ್ಕದಲ್ಲಿ ಮಣೆಯಿಟ್ಟು ಹೆಂಡತಿಯನ್ನು ಮೆಲ್ಲನೆ ಕೂರಿಸಿ, ರಾಗಿಗುಡ್ಡದವರೆಗೆ ಹೋಗಿ ಹಿಂತಿರುಗುತ್ತಾನೆ. ಯುವಕನು ಬಂದಾಗ ನೋಂದಣಿ ಪತ್ರವನ್ನು ಕೊಟ್ಟು, ಒಡೆತನದ ವರ್ಗಾವಣೆಗೆ ಬೇಕಾದ 29 ಮತ್ತು 30ನೆಯ ನಮೂನೆಗಳಿಗೆ ರುಜು ಹಾಕುತ್ತಾನೆ. ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದನ್ನು ಮರೆಯದೆ ತನ್ನ ಪಂಚಾಂಗದಲ್ಲಿ ಗುರುತು ಮಾಡಿಕೊಳ್ಳುತ್ತಾನೆ. ಆಮೇಲೆ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆಯನ್ನು ತರುತ್ತಾನೆ. ಅದರಲ್ಲಿ ಇಪ್ಪತ್ತೈದು ವರ್ಷ ಜೆ. ಸಿ. ರಸ್ತೆಯಲ್ಲಿ ಅಲೆದು ಕೂಡಿಹಾಕಿದ ಬಿಡಿಭಾಗಗಳಿವೆ. ಮೇಲೆ, ಪ್ರತಿ ಸಲ ಎಣ್ಣೆ ಬದಲಾಯಿಸಿದ ತಾರೀಖನ್ನು ಬರೆದಿಟ್ಟ ನೋಟುಪುಸ್ತಕ. ‘ಇದಕ್ಕೆಷ್ಟು ಕೊಡಲಿ ಸಾರ್’ ಎಂದು ಯುವಕನು ಕೇಳುತ್ತಾನೆ. ಅವನು ಪೆಟ್ಟಿಗೆಯನ್ನು ಪಕ್ಕದ ಆಸನದ ಮೇಲಿಟ್ಟು ಬಾಗಿಲನ್ನು ಮುಚ್ಚುತ್ತಾನೆ.